ಖಾನಾಪುರದ ಕಾಡಿನ ಎತ್ತರ ಅಳೆಯಲು ಹೋಗಿ ನೆಲವನ್ನು ಹುಡುಕಿದ್ದು

ಬೆಳಗಾವಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿಗಳ ಸುತ್ತ ಮಳೆ ಧಾರಾಳವಾಗಿ ಸುರಿಯುತ್ತದೆ ಮತ್ತು ಕಾಡು ವರ್ಷವಿಡೀ ಹಸಿರಾಗಿರುತ್ತದೆ. ಲೋಂಡಾ, ನಾಗರಗಾಳಿಗಳ ಕಡೆಗೆ ಬಂದರೆ ಸಾಗವಾನಿ, ಮತ್ತಿ, ನಂದಿಗಳಂಥ ಎಲೆ ಉದುರಿಸುವ ಮರಗಳ ಕಾಡು ಸಿಗುತ್ತದೆ. ಇನ್ನೂ ಪೂರ್ವಕ್ಕೆ ಸರಿದು ಸವದತ್ತಿಯನ್ನು ತಲುಪಿದರೆ ಕಾಣುವುದು ಕುರುಚಲು ಗುಡ್ಡಗಳು ಮಾತ್ರ. ಒಂದೇ ಜಿಲ್ಲೆಯೊಳಗಿನ ಈ ಏರಿಳಿತವನ್ನು ಮರಗಳ ಎತ್ತರದ ನಕ್ಷೆಯಾಗಿ ತೋರಿಸಬೇಕೆಂಬ ಆಸೆಯಿಂದ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಮರದ ತುದಿಯನ್ನು ಗುರುತಿಸುವುದೇ ಇದರಲ್ಲಿ ಕಠಿಣವಾದ ಭಾಗ ಎಂದು ಆಗ ಭಾವಿಸಿದ್ದೆ. ಆದರೆ ನನ್ನ ಸಮಯದ ಬಹುಪಾಲು ಹೋದದ್ದು ಮರದ ಬುಡದಲ್ಲಿರುವ ನೆಲವನ್ನು ಹುಡುಕುವುದರಲ್ಲಿ.

ಮುಖ್ಯವಾಗಿ ನಾನು ಬಳಸಿದ್ದು ಜೆಡೈ ಎಂಬ ಲೇಸರ್ ಉಪಕರಣದ ದತ್ತಾಂಶವನ್ನು. ಇದನ್ನು 2018ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಲಾಯಿತು. ಅಲ್ಲಿಂದ ಅದು ಕಣ್ಣಿಗೆ ಕಾಣದ, 1064 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಮಿಡಿತಗಳನ್ನು ನೆಲದ ಕಡೆಗೆ ಬಿಡುತ್ತದೆ. ಪ್ರತಿ ಮಿಡಿತವೂ ನೆಲದ ಮೇಲೆ ಸುಮಾರು 25 ಮೀಟರ್ ವ್ಯಾಸದ ವೃತ್ತವೊಂದನ್ನು ಬೆಳಗುತ್ತದೆ. ಬೆಳಕಿನ ಒಂದಿಷ್ಟು ಭಾಗ ಮರಗಳ ನೆತ್ತಿಗೆ ತಾಗಿ ಮೊದಲು ಹಿಂದಿರುಗುತ್ತದೆ, ಇನ್ನಷ್ಟು ಕೊಂಬೆ-ಎಲೆಗಳ ನಡುವಿನಿಂದ, ಉಳಿದದ್ದು ನೆಲಕ್ಕೆ ತಾಗಿ ಕೊನೆಯಲ್ಲಿ ಬರುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಕಾಲದ ಅಂತರವೇ ಕಾಡಿನ ಎತ್ತರ. ಒಂದು ಸಾಲಿನಲ್ಲಿ ವೃತ್ತದಿಂದ ವೃತ್ತಕ್ಕೆ 60 ಮೀಟರ್, ಸಾಲಿನಿಂದ ಸಾಲಿಗೆ 600 ಮೀಟರ್ ಅಂತರವಿರುವುದರಿಂದ ಇದು ಸ್ವತಃ ನಕ್ಷೆಯಲ್ಲ, ಅಲ್ಲಲ್ಲಿ ಚುಚ್ಚಿ ನೋಡಿದ ಮಾದರಿ. ಎತ್ತರಕ್ಕಾಗಿ ನಾನು ಆರ್‌ಎಚ್ 98 ಎಂಬ ಅಳತೆಯನ್ನು ತೆಗೆದುಕೊಂಡೆ. ನೆಲದಿಂದ ಮೇಲಕ್ಕೆ ಎಣಿಸುತ್ತ ಹೋದಾಗ ಹಿಂದಿರುಗಿದ ಶಕ್ತಿಯ ಶೇ. 98 ಭಾಗ ಯಾವ ಎತ್ತರದಲ್ಲಿ ಪೂರ್ತಿಯಾಗುವುದೋ ಅದನ್ನು ಇದು ಹೇಳುತ್ತದೆ. ನೂರಕ್ಕೆ ನೂರರ ಅಳತೆಯಲ್ಲಿ ಗದ್ದಲದ, ಅಂದರೆ ಬೇಡದ ಬೆಳಕಿನ, ಸಂಕೇತವೂ ಮರದ ತುದಿಯಂತೆ ಸೇರಿಕೊಳ್ಳುವ ಸಂಭವ ಹೆಚ್ಚು.

ಮೊದಲ ತಪ್ಪು ಲೆಕ್ಕದ ಮೇಜಿನ ಮೇಲೆಯೇ ಆಯಿತು. ಜೆಡೈ ಹೇಳುವ ನೆಲದ ಎತ್ತರವನ್ನು 2000ದ ಫೆಬ್ರವರಿಯಲ್ಲಿ ರೇಡಾರ್‌ನಿಂದ ಸಂಗ್ರಹಿಸಿದ ಎಸ್‌ಆರ್‌ಟಿಎಂ ಎತ್ತರದೊಂದಿಗೆ ಹೋಲಿಸಿದಾಗ ಇಡೀ ಖಾನಾಪುರ ಹತ್ತಾರು ಮೀಟರ್ ಕೆಳಗೆ ಕುಸಿದಂತೆ ಕಂಡಿತು. ಮೂರು ದಿನ ದತ್ತಾಂಶವನ್ನೇ ಅನುಮಾನಿಸಿದೆ. ನಿಜವಾದ ಕಾರಣವೆಂದರೆ ಜೆಡೈ ಎತ್ತರವನ್ನು ಎಣಿಸುವುದು ಭೂಮಿಯ ಗಣಿತದ ದೀರ್ಘಗೋಳದಿಂದ, ಎಸ್‌ಆರ್‌ಟಿಎಂ ಎಣಿಸುವುದು ಸರಾಸರಿ ಸಮುದ್ರಮಟ್ಟವನ್ನು ಹೋಲುವ ಮೇಲ್ಮೈಯಿಂದ. ದಕ್ಷಿಣ ಭಾರತದಲ್ಲಿ ಇವೆರಡರ ನಡುವಿನ ಅಂತರ ಬಹಳ ದೊಡ್ಡದು. ಎರಡನ್ನೂ ಒಂದೇ ಆಧಾರಕ್ಕೆ ತಂದ ಮೇಲೆ ಹೋಲಿಕೆ ಸರಿಹೋಯಿತು. ಆದರೂ ದಟ್ಟ ಕಾಡಿನಲ್ಲಿ ಎಸ್‌ಆರ್‌ಟಿಎಂ ಜೆಡೈಗಿಂತ ಮೇಲೆಯೇ ಉಳಿಯಿತು, ಏಕೆಂದರೆ ಆ ರೇಡಾರ್ ಅಲೆಗಳು ಎಲೆ-ಕೊಂಬೆಗಳ ನಡುವೆಯೇ ಚದುರಿ ಹಿಂದಿರುಗಿದ್ದವು. ಕಾಡಿನೊಳಗೆ ಅದನ್ನು ನೆಲವೆಂದು ಹಿಡಿದು ಯಾರೂ ಕಳೆಯುವ ಲೆಕ್ಕ ಮಾಡಬಾರದು.

ಇದಕ್ಕಿಂತ ಗಂಭೀರವಾದದ್ದು ಇಳಿಜಾರಿನ ಸಮಸ್ಯೆ. ಇಪ್ಪತ್ತು ಡಿಗ್ರಿಯ ಇಳಿಜಾರಿನಲ್ಲಿ 25 ಮೀಟರ್ ವೃತ್ತದ ಮೇಲಂಚಿಗೂ ಕೆಳಂಚಿಗೂ ನೆಲದಲ್ಲಿಯೇ ಸುಮಾರು 9 ಮೀಟರ್ ವ್ಯತ್ಯಾಸವಿರುತ್ತದೆ. ಮೇಲಂಚಿನಲ್ಲಿ ನಿಂತ ಮರದ ತುದಿಯನ್ನೂ ಕೆಳಂಚಿನ ನೆಲವನ್ನೂ ಒಂದೇ ಮರದ ಎರಡು ತುದಿಗಳೆಂದು ಓದಿದರೆ ಹದಿನೈದು ಮೀಟರಿನ ಮರ ಇಪ್ಪತ್ತನ್ನು ದಾಟುತ್ತದೆ. ಜಾಂಬೋಟಿಯಿಂದ ಕಣಕುಂಬಿಯವರೆಗಿನ ಗುಡ್ಡಗಳಲ್ಲಿ ಇಂಥ ವೃತ್ತಗಳು ಹೇರಳವಾಗಿದ್ದವು. ಹದಿನೈದು ಡಿಗ್ರಿಗಿಂತ ಕಡಿದಾದ ಕಡೆಯ ವೃತ್ತಗಳನ್ನು ಕೊನೆಗೆ ಕೈಬಿಟ್ಟೆ. ಈ ನಿರ್ಧಾರದ ಬಗ್ಗೆ ಇಂದಿಗೂ ನನಗೆ ಪೂರ್ತಿ ಸಮಾಧಾನವಿಲ್ಲ, ಏಕೆಂದರೆ ಕೊಡಲಿಗೆ ಸುಲಭವಾಗಿ ಸಿಗದ ದೊಡ್ಡ ಮರಗಳು ಉಳಿದಿರುವುದು ಅಂಥ ಕಡಿದಾದ ಕಣಿವೆಗಳಲ್ಲಿಯೇ.

ನಿತ್ಯಹಸಿರಿನ ಕಾಡಿನಲ್ಲಿ ತಪ್ಪು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಆಗುತ್ತದೆ. ಎಲೆಯ ಹೊದಿಕೆ ದಟ್ಟವಾಗಿದ್ದರೆ ನೆಲವನ್ನು ತಲುಪಿ ಹಿಂದಿರುಗುವ ಬೆಳಕು ತೀರ ಕ್ಷೀಣವಾಗಿರುತ್ತದೆ. ಆಗ ಗಣನಾಕ್ರಮವು ಕೆಳಸ್ತರದ ಪೊದೆಗಳನ್ನೇ ನೆಲವೆಂದು ಗ್ರಹಿಸಿ ಕಾಡಿನ ಎತ್ತರವನ್ನು ಕಡಿಮೆ ಮಾಡಿ ಹೇಳುತ್ತದೆ. ಇದನ್ನು ತಪ್ಪಿಸಲು ಗುಣಮಟ್ಟದ ಗುರುತು ಪಡೆದ ವೃತ್ತಗಳನ್ನಷ್ಟೇ ಇಟ್ಟುಕೊಂಡೆ, ಸೂರ್ಯನ ಬೆಳಕಿನ ಗದ್ದಲವಿಲ್ಲದ ರಾತ್ರಿಯ ಮಿಡಿತಗಳಿಗೆ ಮತ್ತು ಪೂರ್ಣಶಕ್ತಿಯ ಕಿರಣಗಳಿಗೆ ಆದ್ಯತೆ ಕೊಟ್ಟೆ, ಸೂಕ್ಷ್ಮತೆಯ (ಎಷ್ಟು ದಟ್ಟ ಹೊದಿಕೆಯ ಮೂಲಕವೂ ನೆಲವನ್ನು ಕಾಣಬಲ್ಲದು ಎಂಬುದರ) ಕನಿಷ್ಠ ಮಿತಿಯನ್ನು ಎಲೆ ಉದುರಿಸುವ ಕಾಡಿನಲ್ಲಿ 0.95ಕ್ಕೂ ನಿತ್ಯಹಸಿರಿನಲ್ಲಿ 0.98ಕ್ಕೂ ಇರಿಸಿದೆ. ವೃತ್ತಗಳ ಸಂಖ್ಯೆ ಗಣನೀಯವಾಗಿ ಇಳಿಯಿತು, ಆದರೆ ಉಳಿದವುಗಳನ್ನು ನಂಬಬಹುದಾಗಿತ್ತು.

ನಂಬಿಕೆಗೆ ಆಧಾರ ಬೇಕಲ್ಲವೇ? ಅದಕ್ಕಾಗಿ ಅನುಮತಿ ಪಡೆದು, ಸಮತಟ್ಟಾದ ಮತ್ತು ಸುತ್ತಲೂ ಒಂದೇ ಬಗೆಯ ಕಾಡಿರುವ ಕೆಲವು ವೃತ್ತಗಳಿಗೆ ಕಾಲ್ನಡಿಗೆಯಲ್ಲಿ ಹೋದೆ. ಒಂದೇ ಬಗೆಯ ಕಾಡನ್ನೇ ಆರಿಸಲು ಕಾರಣವೆಂದರೆ ಜೆಡೈ ವೃತ್ತದ ಸ್ಥಾನದಲ್ಲಿಯೇ ಸುಮಾರು ಹತ್ತು ಮೀಟರಿನ ಅನಿಶ್ಚಿತತೆ ಇರುತ್ತದೆ, ಮರಗಳ ಕೆಳಗೆ ನಮ್ಮ ಜಿಪಿಎಸ್ ಕೂಡ ಅಲುಗಾಡುತ್ತದೆ. ಕೈಯಲ್ಲಿದ್ದದ್ದು ಟೇಪು, ಕೋನ ಅಳೆಯುವ ಕ್ಲೈನೋಮೀಟರು ಮತ್ತು ಒಂದು ನೋಟ್‌ಬುಕ್ಕು. ಮರದಿಂದ 20 ಮೀಟರ್ ದೂರ ನಿಂತು ತುದಿಗೆ 45 ಡಿಗ್ರಿ, ಬುಡಕ್ಕೆ ಕೆಳಮುಖವಾಗಿ 5 ಡಿಗ್ರಿ ಕೋನ ಸಿಕ್ಕರೆ ಎರಡರ ಟ್ಯಾನ್ ಬೆಲೆಗಳನ್ನು ಕೂಡಿಸಿ ದೂರದಿಂದ ಗುಣಿಸಬೇಕು, ಉತ್ತರ 21.7 ಮೀಟರ್. ಲೆಕ್ಕ ಇಷ್ಟು ಸರಳವಾದರೂ ತುದಿ ಯಾವುದೆಂದು ತಿಳಿಯುವುದು ಸರಳವಲ್ಲ.

ಇದನ್ನು ನನಗೆ ಕಲಿಸಿದವರು ದಾರಿ ತೋರಿಸಲು ಜೊತೆಗೆ ಬಂದಿದ್ದ, ಆ ಕಾಡಿನ ಅಂಚಿನಲ್ಲಿಯೇ ಬೆಳೆದ ಹಿರಿಯರು. ನಮ್ಮ ಕಡೆ ಮರಕ್ಕೂ ಗಿಡ ಎಂದೇ ಹೇಳುವುದು ರೂಢಿ. ಒಂದು ಮತ್ತಿಯ ಕೆಳಗೆ ನಿಂತು ನಾನು ಕೋನ ಓದುತ್ತಿದ್ದಾಗ ಅವರು, "ಸರ, ಈ ಗಿಡದ ತುದಿ ಇಲ್ಲಿಂದ ಸಿಗೂದಿಲ್ರಿ. ನೀವು ನೋಡಾಕತ್ತಿದ್ದು ಬರೇ ಅಂಚಿನ ಟೊಂಗಿ. ಹಿಂದಕ್ಕ ಸರೀರಿ" ಎಂದರು. "ಕಾಕಾ, ಹಿಂದೆ ಸರಿದರೆ ನಡುವೆ ಬೇರೆ ಗಿಡ ಅಡ್ಡ ಬರ್ತಾವಲ್ರಿ" ಎಂದಾಗ ಅವರೇ ಸುತ್ತು ಹಾಕಿ ತುದಿ ಕಾಣುವ ಸಂದಿಯೊಂದನ್ನು ಹುಡುಕಿಕೊಟ್ಟರು. ಅಲ್ಲಿಂದ ಅಳೆದಾಗ ಎತ್ತರ ಮೊದಲಿನದಕ್ಕಿಂತ ಕಡಿಮೆ ಬಂದಿತು. ಅಗಲವಾದ ನೆತ್ತಿಯ ಮರವನ್ನು ಹತ್ತಿರದಿಂದ ನೋಡಿದರೆ ನಮ್ಮ ಕಡೆಗೆ ಚಾಚಿದ ಕೊಂಬೆಯೇ ತುದಿಯಂತೆ ಕಂಡು ಎತ್ತರ ಉಬ್ಬುತ್ತದೆ. ಅಂದಿನಿಂದ ಮರದ ಅಂದಾಜು ಎತ್ತರಕ್ಕಿಂತ ಕಡಿಮೆ ದೂರದಲ್ಲಿ ನಿಂತು ನಾನು ಅಳೆದಿಲ್ಲ, ಹಿಂದಿನ ಅಳತೆಗಳನ್ನೂ ಮತ್ತೊಮ್ಮೆ ಹೋಗಿ ಹೊಸದಾಗಿ ತೆಗೆದುಕೊಂಡೆ.

ವೃತ್ತಗಳ ನಡುವಿನ ಖಾಲಿ ಜಾಗವನ್ನು ತುಂಬಲು ಸೆಂಟಿನೆಲ್-1 ಉಪಗ್ರಹದ ರೇಡಾರ್, ಸೆಂಟಿನೆಲ್-2 ಉಪಗ್ರಹದ ಬೆಳಕಿನ ಚಿತ್ರಗಳನ್ನು ಉಪಗ್ರಹ ದತ್ತಾಂಶದ ಆನ್‌ಲೈನ್ ವೇದಿಕೆಯಾದ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಸೇರಿಸಿ ರ‍್ಯಾಂಡಮ್ ಫಾರೆಸ್ಟ್ ಎಂಬ, ಅಳೆದ ವೃತ್ತಗಳಿಂದ ಕಲಿತು ಉಳಿದೆಡೆಯ ಎತ್ತರವನ್ನು ಅಂದಾಜಿಸುವ ಗಣಕ ವಿಧಾನವನ್ನು ಬಳಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಿಂದಾಗಿ ಸೆಂಟಿನೆಲ್-2 ಬಹುತೇಕ ನಿರುಪಯುಕ್ತ. ನನ್ನ ಮೊದಲ ನಕ್ಷೆಯಲ್ಲಿ ಗೋಕಾಕ, ರಾಯಬಾಗಗಳ ಕಬ್ಬಿನ ಹೊಲಗಳೆಲ್ಲ ಹತ್ತು ಮೀಟರ್ ದಾಟಿದ ಕಾಡುಗಳಾಗಿದ್ದವು. ತಪ್ಪು ನನ್ನದೇ; ಗಣಕಕ್ಕೆ ಕಲಿಸಲು ಕಾಡಿನೊಳಗಿನ ವೃತ್ತಗಳನ್ನು ಮಾತ್ರ ಕೊಟ್ಟಿದ್ದೆ, ಮತ್ತು ಈ ವಿಧಾನವು ತಾನು ಕಂಡ ಬೆಲೆಗಳ ವ್ಯಾಪ್ತಿಯ ಹೊರಗೆ ಎಂದೂ ಉತ್ತರ ಕೊಡುವುದಿಲ್ಲ. ಕಬ್ಬು, ಜೋಳ, ಬೀಳು ನೆಲಗಳ ವೃತ್ತಗಳನ್ನೂ ಸೇರಿಸಿ, ಹನ್ನೆರಡೂ ತಿಂಗಳ ರೇಡಾರ್ ಚಿತ್ರಗಳನ್ನು ಕೊಟ್ಟ ಮೇಲೆ, ಕಟಾವಿನ ನಂತರ ಬರಿದಾಗಿ ಮತ್ತೆ ಕುಳೆ ಚಿಗುರುವ ಹೊಲವನ್ನು ಅದು ಕಾಡಿನಿಂದ ಬೇರೆ ಮಾಡತೊಡಗಿತು.

ಪರೀಕ್ಷೆಯ ವಿಷಯದಲ್ಲಿಯೂ ಎಚ್ಚರ ಬೇಕು. ವೃತ್ತಗಳನ್ನು ಚೀಟಿ ಎತ್ತಿದಂತೆ ಕಲಿಕೆಗೊಂದು, ಪರೀಕ್ಷೆಗೊಂದು ಎಂದು ಎರಡು ಪಾಲು ಮಾಡಿದರೆ ಒಂದೇ ಸಾಲಿನ ನೆರೆಹೊರೆಯ ವೃತ್ತಗಳು ಎರಡೂ ಕಡೆ ಸೇರಿ, ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ತಾಲ್ಲೂಕನ್ನು ಚೌಕಗಳಾಗಿ ವಿಭಜಿಸಿ ಕೆಲವು ಚೌಕಗಳನ್ನು ಇಡಿಯಾಗಿ ಪರೀಕ್ಷೆಗೆ ಮೀಸಲಿಟ್ಟಾಗ ದೋಷ ಹೆಚ್ಚಾಗಿ ಕಂಡಿತು. ನಾನು ಬರೆದುಕೊಂಡದ್ದು ಆ ಹೆಚ್ಚಿನ ದೋಷವನ್ನೇ. ಅತಿ ಎತ್ತರದ ಮರಗಳನ್ನು ಗಿಡ್ಡವಾಗಿಯೂ ಗಿಡ್ಡ ಮರಗಳನ್ನು ಎತ್ತರವಾಗಿಯೂ ತೋರಿಸುವ ಚಾಳಿ ಮಾತ್ರ ಪೂರ್ತಿ ಹೋಗಲಿಲ್ಲ.

ಸವದತ್ತಿಯ ಕುರುಚಲಿಗೆ ಬಂದಾಗ ಉಪಕರಣದ ಮಿತಿಯೇ ಎದುರಾಯಿತು. ಜೆಡೈಯ ಮಿಡಿತ ಸುಮಾರು 15.6 ನ್ಯಾನೊಸೆಕೆಂಡ್ ಉದ್ದದ್ದು, ಅಂದರೆ ಎತ್ತರದಲ್ಲಿ 2.3 ಮೀಟರ್. ಬರಿನೆಲದ ಮೇಲೆಯೂ ಆರ್‌ಎಚ್ 98 ಎರಡು-ಮೂರು ಮೀಟರ್ ತೋರಿಸುತ್ತದೆ, ಹೀಗಾಗಿ ಆಳೆತ್ತರದ ಪೊದೆ ನೆಲದ ಸಂಕೇತದಲ್ಲಿಯೇ ಕರಗಿಹೋಗುತ್ತದೆ. ಆದ್ದರಿಂದ ನಕ್ಷೆಯಲ್ಲಿ ಐದು ಮೀಟರಿಗಿಂತ ಕೆಳಗಿನ ಎಲ್ಲ ಜಾಗಗಳಿಗೂ ಒಂದೇ ಬೂದು ಬಣ್ಣ ಹಚ್ಚಿ, ಇಲ್ಲಿಯ ಎತ್ತರವನ್ನು ಈ ವಿಧಾನದಿಂದ ಅಳೆಯಲಾಗಿಲ್ಲ ಎಂದು ಅಂಚಿನಲ್ಲಿ ಬರೆದಿದ್ದೇನೆ. ಕಡಿದಾದ ಕಣಿವೆಗಳಿಗೂ ಗೆರೆ ಎಳೆದು ಬೇರೆಯಾಗಿ ಗುರುತು ಮಾಡಿದ್ದೇನೆ. ಮಳೆ ನಿಂತ ಮೇಲೆ ಟೇಪು, ಕ್ಲೈನೋಮೀಟರುಗಳೊಂದಿಗೆ ಮೊದಲು ಹೋಗಬೇಕಾಗಿರುವುದು ಅಲ್ಲಿಗೆ.