ಮಿಲಿಮೀಟರ್ ಡಿಶ್‌ಗೆ ಒಂದು ರಾತ್ರಿಯ ಪಟ್ಟಿ: ಗುರಿ ಬೇರೆ, ಅಳತೆ ಬೇರೆ

ಮಿಲಿಮೀಟರ್ ಅಲೆ ಹಿಡಿಯುವ ರೇಡಿಯೋ ದೂರದರ್ಶಕದ ಡಿಶ್‌ನ ಗುರಿ ಸರಿಪಡಿಸಲು ಆಕಾಶದ ಒಂದು ಆಕರ, ತೀವ್ರತೆ ಅಳೆಯಲು ಇನ್ನೊಂದು. ರಾತ್ರಿಯ ಪಟ್ಟಿ ಬರೆಯುವಾಗ ಈ ಎರಡನ್ನು ನಾನು ಬೆರೆಸುವುದಿಲ್ಲ. ಕೆಳಗಿನ ಲೆಕ್ಕವೆಲ್ಲ 10.4 ಮೀಟರ್ ಡಿಶ್‌ಗೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಡಿಶ್‌ನ ಅಳತೆ ಅದೇ. ನೋಡುವ ರೋಹಿತದ ಗೆರೆ ಸಿಲಿಕಾನ್ ಮಾನಾಕ್ಸೈಡ್ ಮೇಸರ್‌ನದು (ನಕ್ಷತ್ರದ ಸುತ್ತಲ ಅನಿಲ ಲೇಸರ್‌ನ ಹಾಗೆ ಹೆಚ್ಚಿಸಿ ಹೊಮ್ಮಿಸುವ ರೇಡಿಯೋ ಅಲೆ), 86.243 ಗಿಗಾಹರ್ಟ್ಸ್.

ಈ ಆವರ್ತನದಲ್ಲಿ ಬೀಮ್‌ನ, ಅಂದರೆ ಡಿಶ್ ಒಮ್ಮೆಗೆ ನೋಡುವ ಆಕಾಶದ ತುಣುಕಿನ, ಅಗಲ ಸುಮಾರು 83 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಪಾಲು ಒಂದು ಆರ್ಕ್‌ಸೆಕೆಂಡ್). ಗುರಿ ಇದರ ಹತ್ತರಲ್ಲೊಂದು ಪಾಲು ತಪ್ಪಿದರೆ ಸಿಗ್ನಲ್‌ನಲ್ಲಿ ಶೇ. 3 ಹೋಗುತ್ತದೆ, ಐದರಲ್ಲೊಂದು ತಪ್ಪಿದರೆ ಶೇ. 10, ಅರ್ಧ ಬೀಮ್ ತಪ್ಪಿದರೆ ಅರ್ಧಕ್ಕರ್ಧ. ಹಾಗಾಗಿ 8 ಆರ್ಕ್‌ಸೆಕೆಂಡ್ ಒಳಗೆ ಬರುವತನಕ ಮುಂದಿನ ಕೆಲಸಕ್ಕೆ ಕೈಹಾಕುವುದಿಲ್ಲ.

ಗುರಿಗೆ ಮೇಸರ್ ನಕ್ಷತ್ರಗಳೇ ಅನುಕೂಲ. ಬೀಮ್ ಮುಂದೆ ಅವು ಬರೀ ಚುಕ್ಕಿ, ಗೆರೆಯೂ ಕಿರಿದು. ಜನವರಿ ಮಧ್ಯದ ರಾತ್ರಿಯಾದರೆ ಸರದಿ ತಾನೇ ಕೂಡಿಬರುತ್ತದೆ: ಸಂಜೆ 7ರ ಹೊತ್ತಿಗೆ ಮೀರಾ ಮಧ್ಯಾಹ್ನರೇಖೆ ದಾಟುತ್ತದೆ, 10.20ಕ್ಕೆ ಓರಿಯನ್, ನಡುರಾತ್ರಿ ದಾಟುತ್ತಿದ್ದಂತೆ ವಿವೈ ಕ್ಯಾನಿಸ್ ಮೇಜೋರಿಸ್, 2.30ಕ್ಕೆ ಆರ್ ಲಿಯೋನಿಸ್, ಬೆಳಗ್ಗೆ 6.30ಕ್ಕೆ ಡಬ್ಲ್ಯೂ ಹೈಡ್ರೆ. ನಕ್ಷತ್ರ ಕಾಲವನ್ನು (ನಕ್ಷತ್ರಗಳ ಸುತ್ತಿಗೆ ಹೊಂದಿಸಿದ ಸಮಯ) ಕೈಯಲ್ಲಿ ಲೆಕ್ಕ ಹಾಕುವವರು ಒಂದು ಗಮನಿಸಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಬೆಂಗಳೂರು ಇರುವುದು 77.6ರಲ್ಲಿ. ಆ 20 ನಿಮಿಷ ಕಳೆಯದಿದ್ದರೆ ಇಡೀ ಪಟ್ಟಿ ಜರುಗುತ್ತದೆ.

ಈ ಪಟ್ಟಿಯಲ್ಲಿ ತೊಡಕಿನ ಗಿರಾಕಿ ಆರ್ ಲಿಯೋನಿಸ್. ಅದರ ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) ಹೆಚ್ಚುಕಡಿಮೆ 11.4 ಡಿಗ್ರಿ, ನಮ್ಮ ಅಕ್ಷಾಂಶ 13. ನೆತ್ತಿಯಿಂದ ಒಂದೂವರೆ ಡಿಗ್ರಿ ಆಚೆ ಹಾದುಹೋಗುತ್ತದೆ. ಆ ಗಳಿಗೆಯಲ್ಲಿ ಅಜಿಮತ್ (ಅಡ್ಡ ದಿಕ್ಕಿನ) ಮೋಟಾರು ಸೆಕೆಂಡಿಗೆ ಸುಮಾರು 9 ಆರ್ಕ್‌ಮಿನಿಟ್ ತಿರುಗಬೇಕು. ಟ್ರ್ಯಾಕಿಂಗ್ ಹಿಂದೆ ಬೀಳುತ್ತದೆ, ದತ್ತಾಂಶದಲ್ಲಿ ಅದು ನಕ್ಷತ್ರವೇ ಮಂಕಾದ ಹಾಗೆ ಕಾಣುತ್ತದೆ. 2.10ರಿಂದ 2.50ರವರೆಗೆ ಎಲಿವೇಷನ್ (ದಿಗಂತದಿಂದ ಎತ್ತರ) 85 ಡಿಗ್ರಿ ಮೀರುತ್ತದೆ. ಆ 40 ನಿಮಿಷ ಅದನ್ನು ಬಿಟ್ಟು ಸ್ಕೈ ಡಿಪ್ (ಬೇರೆಬೇರೆ ಎತ್ತರದಲ್ಲಿ ಖಾಲಿ ಆಕಾಶ ಅಳೆದು ಹವೆ ಎಷ್ಟು ನುಂಗುತ್ತದೆಂದು ನೋಡುವುದು) ಮಾಡಿಕೊಳ್ಳುತ್ತೇನೆ.

ಗುರಿ ನೋಡಲು ಐದು ಬಿಂದು ಸಾಕು: ನಡುವೆ ಒಂದು, ಎಡ, ಬಲ, ಮೇಲೆ, ಕೆಳಗೆ ಅರ್ಧರ್ಧ ಬೀಮ್ ಸರಿಸಿ ನಾಲ್ಕು. ಎದುರುಬದುರಿನ ಎರಡು ಅಳತೆಗಳ ಅನುಪಾತದ ನ್ಯಾಚುರಲ್ ಲಾಗ್ ತೆಗೆದು, 0.18ರಿಂದಲೂ ಬೀಮ್ ಅಗಲದಿಂದಲೂ ಗುಣಿಸಿದರೆ ತಪ್ಪು ಎಷ್ಟೆಂದು ಸಿಗುತ್ತದೆ. ಬಲಕ್ಕೆ 6, ಎಡಕ್ಕೆ 4 ಬಂತು ಅನ್ನಿ: ಲಾಗ್ 0.405, ತಪ್ಪು 6 ಆರ್ಕ್‌ಸೆಕೆಂಡ್, ಬಲಕ್ಕೆ. ಅಡ್ಡ ದಿಕ್ಕಿನ ತಪ್ಪನ್ನು ಅಜಿಮತ್ ಎನ್ಕೋಡರ್‌ಗೆ (ಡಿಶ್ ತಿರುಗಿದ ಕೋನ ಓದುವ ಸಾಧನ) ಕೊಡುವ ಮುಂಚೆ ಎಲಿವೇಷನ್‌ನ ಕೊಸೈನ್‌ನಿಂದ ಭಾಗಿಸಬೇಕು. 60 ಡಿಗ್ರಿಯಲ್ಲಿ ಆಕಾಶದ 6, ಎನ್ಕೋಡರ್‌ನಲ್ಲಿ 12. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ, ಅರ್ಧ ತಿದ್ದುಪಡಿ ಮಾಡಿ ಡಿಶ್ ಹಾಳಾಗಿದೆ ಅನ್ನುತ್ತಾರೆ.

ತೇವವೂ ಗುರಿ ತಪ್ಪಿಸುತ್ತದೆ. ಹವೆಯ ನೀರಾವಿ ಒತ್ತಡ 10ರಿಂದ 20 ಹೆಕ್ಟೋಪ್ಯಾಸ್ಕಲ್‌ಗೆ ಏರಿದರೆ 20 ಡಿಗ್ರಿ ಎಲಿವೇಷನ್‌ನಲ್ಲಿ ವಕ್ರೀಭವನ ಸುಮಾರು 24 ಆರ್ಕ್‌ಸೆಕೆಂಡ್ ಹೆಚ್ಚುತ್ತದೆ. ಬೀಮ್‌ನ ಕಾಲು ಭಾಗಕ್ಕಿಂತ ಜಾಸ್ತಿ. ಹಾಗಾಗಿ ಹೈಗ್ರೋಮೀಟರ್ ಓದನ್ನು ಗುರಿಯ ಲೆಕ್ಕಕ್ಕೂ ಹಾಕಿಕೊಳ್ಳುತ್ತೇನೆ, 25 ಡಿಗ್ರಿಗಿಂತ ಕೆಳಗೆ ಇಳಿಯುವುದೂ ಇಲ್ಲ. ಮುಂಗಾರಿನಲ್ಲಿ ಇಲ್ಲಿ 3 ಮಿಲಿಮೀಟರ್ ತರಂಗದ ಕೆಲಸಕ್ಕೆ ಕೂರುವುದೇ ದಂಡ.

ಇನ್ನು ಅಳತೆ. ಹಾರ್ನ್ (ಅಲೆಯನ್ನು ರಿಸೀವರ್‌ಗೆ ಒಯ್ಯುವ ಬಾಯಿ) ಮುಂದೆ ಕೋಣೆಯ ಉಷ್ಣತೆಯ, ರೇಡಿಯೋ ಅಲೆ ಹೀರುವ ಅಬ್ಸಾರ್ಬರ್ ಹಲಗೆ ತಂದು ನಿಲ್ಲಿಸಿ ಒಂದು ಓದು, ತೆಗೆದು ಖಾಲಿ ಆಕಾಶದ್ದು ಇನ್ನೊಂದು. ಹಲಗೆಯ ಉಷ್ಣತೆಯೂ ಕೆಳ ವಾಯುಮಂಡಲದ ಉಷ್ಣತೆಯೂ ಹತ್ತಿರ ಹತ್ತಿರ ಇರುವುದರಿಂದ, ಹವೆ ನುಂಗಿದ ಸಿಗ್ನಲ್‌ನ ಲೆಕ್ಕ ಇದರಲ್ಲೇ ಬಹುಪಾಲು ಹೊಂದಿಹೋಗುತ್ತದೆ. ಹಲಗೆ 298 ಕೆಲ್ವಿನ್‌ನಲ್ಲಿದ್ದು ಎರಡು ಓದುಗಳ ಅನುಪಾತ 1.42 ಬಂದರೆ ಸಿಸ್ಟಂ ಉಷ್ಣತೆ (ಉಪಕರಣ, ಹವೆ ಎಲ್ಲ ಸೇರಿದ ಗದ್ದಲದ ಅಳತೆ) ಸುಮಾರು 710 ಕೆಲ್ವಿನ್. 1.2ಕ್ಕೆ ಇಳಿದರೆ 1490. ಅದೇ ಫಲಿತಾಂಶಕ್ಕೆ ನಾಲ್ಕು ಪಟ್ಟಿಗೂ ಹೆಚ್ಚು ಸಮಯ ಬೇಕು. ಅಲ್ಲಿಗೆ ಆ ರಾತ್ರಿ ಬಾಗಿಲು ಹಾಕುವುದು ವಾಸಿ. 15 ನಿಮಿಷಕ್ಕೊಮ್ಮೆ, ಇಲ್ಲವೇ ಎಲಿವೇಷನ್ 5 ಡಿಗ್ರಿ ಬದಲಾದಾಗ ಇದನ್ನು ಮತ್ತೆ ಮಾಡುತ್ತೇನೆ. ಹಲಗೆ ಇಬ್ಬನಿಯಲ್ಲಿ ನೆನೆದಿದ್ದರೆ, ಬಿಸಿಯ ಓದಿಗೆ ಡಿಟೆಕ್ಟರ್ ಮುಗ್ಗರಿಸುತ್ತಿದ್ದರೆ ಸಂಖ್ಯೆ ಚೆಂದವಾಗೇ ಬರುತ್ತದೆ, ಆದರೆ ಸುಳ್ಳು.

ಡಿಶ್‌ನ ದಕ್ಷತೆ ತಿಳಿಯಲು ಗ್ರಹ ಬೇಕು. ಮೇಸರ್ ಇದಕ್ಕೆ ಆಗದು. ಮೀರಾ ಸುಮಾರು 332 ದಿನಕ್ಕೊಮ್ಮೆ ಏರಿಳಿಯುತ್ತದೆ, ಅದರ ಮೇಸರೂ ನಿಂತಲ್ಲಿ ನಿಲ್ಲುವುದಿಲ್ಲ. ಗುರುವಿನ ಉಷ್ಣತೆ ಈ ತರಂಗದಲ್ಲಿ 170 ಕೆಲ್ವಿನ್ ಆಸುಪಾಸು. ಬಿಲ್ಲೆ 40 ಆರ್ಕ್‌ಸೆಕೆಂಡ್ ಇದ್ದಾಗ ನಮ್ಮ ಬೀಮ್‌ಗೆ ದಕ್ಕುವುದು ಅದರಲ್ಲಿ ಶೇ. 15, ಅಂದರೆ 25 ಕೆಲ್ವಿನ್ ಆಸುಪಾಸು. ಬೀಮ್ ದಕ್ಷತೆ ಅರ್ಧವಾದರೆ ಕೈಗೆ 13. ಗ್ರಹದ ಬಿಲ್ಲೆ ದಿನದಿನಕ್ಕೆ ಬದಲಾಗುವುದರಿಂದ ಖಗೋಳ ಪಂಚಾಂಗದಿಂದ ಆ ದಿನದ ವ್ಯಾಸವನ್ನೇ ತೆಗೆದುಕೊಳ್ಳಬೇಕು. ಗುರುವಿನ ಕಡೆ ಹೋಗುವ ಮುಂಚೆ ಅದೇ ದಿಕ್ಕಿನ ಮೇಸರ್‌ನಲ್ಲಿ ಗುರಿ ನೋಡಿಕೊಂಡಿರಬೇಕು, ಇಲ್ಲದಿದ್ದರೆ ಗುರಿಯ ತಪ್ಪೆಲ್ಲ ದಕ್ಷತೆಯ ಲೆಕ್ಕಕ್ಕೆ ಹೋಗಿ ಕೂರುತ್ತದೆ.

ಡಬ್ಲ್ಯೂ ಹೈಡ್ರೆ ಹೊತ್ತಿಗೆ ಪೂರ್ವ ಕೆಂಪಾಗಿರುತ್ತದೆ. ಬಿಸಿಲು ಡಿಶ್‌ನ ಒಂದು ಮಗ್ಗುಲನ್ನು ಮೊದಲು ಕಾಯಿಸಿ, ಫೋಕಸ್ಸನ್ನೂ ಗುರಿಯನ್ನೂ ಸರಿಸುತ್ತದೆ. ಅದಕ್ಕೇ ಕೊನೆಯ ಐದು ಬಿಂದು 6.30ಕ್ಕೇ ಮುಗಿಸಿ, ಆಮೇಲೆ ಬಂದದ್ದನ್ನು ಬೇರೆ ಫೈಲಿಗೆ ಹಾಕುತ್ತೇನೆ.