ಡಾಫ್ನಿಯಾ ಮೇಲೆ 48 ಗಂಟೆಗಳ ವಿಷತ್ವ ಪರೀಕ್ಷೆ: ಮಾಡುವ ಬಗೆ, ಕೆಡುವ ಕಡೆಗಳು

ಸಿಹಿನೀರಿಗೆ ಸೇರಿದ ರಾಸಾಯನಿಕವೊಂದು ಅಲ್ಲಿನ ಬೆನ್ನೆಲುಬಿಲ್ಲದ ಸಣ್ಣ ಜೀವಿಗಳನ್ನು ಎಷ್ಟು ಪ್ರಮಾಣದಲ್ಲಿ ಬಾಧಿಸುತ್ತದೆ ಎಂದು ತಿಳಿಯಲು ಹೆಚ್ಚಾಗಿ ಬಳಸುವುದು ಡಾಫ್ನಿಯಾ ಮ್ಯಾಗ್ನಾ ಎಂಬ ನೀರುಚಿಗಟವನ್ನು. 2004ರಲ್ಲಿ ಪರಿಷ್ಕೃತವಾದ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) 202ನೇ ಮಾರ್ಗಸೂಚಿ ಈ ಪರೀಕ್ಷೆಯ ಚೌಕಟ್ಟು. ಹುಟ್ಟಿ 24 ಗಂಟೆ ತುಂಬದ ಮರಿಗಳನ್ನು ರಾಸಾಯನಿಕದ ಬೇರೆ ಬೇರೆ ಸಾಂದ್ರತೆಗಳಲ್ಲಿ 48 ಗಂಟೆ ಇಟ್ಟು, ಎಷ್ಟು ಮರಿಗಳು ಈಜುವುದನ್ನು ನಿಲ್ಲಿಸಿದವು ಎಂದು ಎಣಿಸಬೇಕು. ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಸಾಂದ್ರತೆಗೆ ಇಸಿ-50 ಎನ್ನುತ್ತಾರೆ.

ಹೇಳುವಾಗ ಇಷ್ಟೇ. ಆದರೆ ಕೆಟ್ಟುಹೋದ ಪರೀಕ್ಷೆಗಳಲ್ಲಿ ಹೆಚ್ಚಿನವು ಮೊದಲ ಮರಿ ಬೀಕರ್ ಸೇರುವ ಮೊದಲೇ ಕೆಟ್ಟಿರುತ್ತವೆ. ನೀರು ಸರಿಯಿರುವುದಿಲ್ಲ, ಇಲ್ಲವೇ ತಾಯಿ ಡಾಫ್ನಿಯಾಗಳು ಬಳಲಿರುತ್ತವೆ. ಅದಕ್ಕೇ ಇಲ್ಲಿ ಆ ಎರಡಕ್ಕೆ ಹೆಚ್ಚು ಜಾಗ.

ನೀರು

ಡಾಫ್ನಿಯಾ ಮ್ಯಾಗ್ನಾಗೆ ಗಡಸು ನೀರು ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಗಡಸುತನ ಲೀಟರಿಗೆ 140ರಿಂದ 250 ಮಿ.ಗ್ರಾಂ. ಇರಲಿ, ಪಿಎಚ್ 6ರಿಂದ 9ರೊಳಗಿರಲಿ. ಪ್ರತಿ ಸಲವೂ ಒಂದೇ ಬಗೆಯ ನೀರು ಸಿಗಬೇಕಾದರೆ ಅದನ್ನು ನಾವೇ ಮಾಡಿಕೊಳ್ಳುವುದು ಒಳ್ಳೆಯದು. ಐಎಸ್ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಪಾಕಕ್ಕೆ ನಾಲ್ಕು ಸ್ಟಾಕ್ ದ್ರಾವಣಗಳು, ಅಂದರೆ ಮೊದಲೇ ಗಟ್ಟಿಯಾಗಿ ಮಾಡಿಟ್ಟ ದ್ರಾವಣಗಳು ಬೇಕು, ಪ್ರತಿಯೊಂದೂ ಒಂದು ಲೀಟರ್:

ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ – 11.76 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ – 4.93 ಗ್ರಾಂ
ಸೋಡಿಯಂ ಬೈಕಾರ್ಬೊನೇಟ್ – 2.59 ಗ್ರಾಂ
ಪೊಟ್ಯಾಸಿಯಂ ಕ್ಲೋರೈಡ್ – 0.23 ಗ್ರಾಂ

ಒಂದು ಲೀಟರ್ ಪರೀಕ್ಷಾ ನೀರಿಗೆ ಪ್ರತಿಯೊಂದರಿಂದ 25 ಮಿ.ಲೀ. ಸಾಕು. ನಾಲ್ಕನ್ನೂ ಒಟ್ಟಿಗೆ ಸುರಿದು ಆಮೇಲೆ ನೀರು ಬೆರೆಸಬೇಡಿ. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ನೇರವಾಗಿ ಸೇರಿದರೆ ಕಾರ್ಬೊನೇಟ್ ಗಷ್ಟಾಗಿ ತಳಕ್ಕೆ ಇಳಿಯಬಹುದು. ಸುಮಾರು 800 ಮಿ.ಲೀ. ಶುದ್ಧ ನೀರು ತೆಗೆದುಕೊಂಡು, ಒಂದೊಂದನ್ನೇ ಹಾಕಿ ಕಲಕಿ, ಕೊನೆಗೆ ಒಂದು ಲೀಟರಿಗೆ ತುಂಬಿಸಿ. ಈ ಶುದ್ಧ ನೀರಿನ ವಿದ್ಯುತ್ ವಾಹಕತೆ ಸೆಂ.ಮೀ.ಗೆ 10 ಮೈಕ್ರೋಸೀಮೆನ್ಸ್ ದಾಟಿರಬಾರದು. ಬಂದ ನೀರಿನ ಗಡಸುತನ ಸುಮಾರು 250, ಪಿಎಚ್ 7.8ರ ಆಸುಪಾಸು.

ಕ್ಯಾಲ್ಸಿಯಂ ಕ್ಲೋರೈಡಿನ ಬಾಟಲಿಯ ಮೇಲಿನ ಹೆಸರನ್ನು ಎರಡು ಸಲ ಓದಿ. ನೀರಿನಂಶವಿಲ್ಲದ ರೂಪ ಕೈಗೆ ಬಂದಿದ್ದರೆ 11.76ರ ಬದಲು 8.88 ಗ್ರಾಂ ತೂಗಬೇಕು. ಜೊತೆಗೆ ಈ ಲವಣ ಗಾಳಿಯ ತೇವ ಹೀರುತ್ತದೆ. ಮುಚ್ಚಳ ಸರಿಯಾಗಿ ಬಿಗಿಯದ ಹಳೆಯ ಬಾಟಲಿಯಿಂದ ತೂಗಿದರೆ ಲವಣದ ಜೊತೆ ನೀರನ್ನೂ ತೂಗಿರುತ್ತೀರಿ, ಗಡಸುತನ ಕಡಿಮೆ ಬರುತ್ತದೆ. ಪ್ರತಿ ಹೊಸ ಸ್ಟಾಕ್ ಮಾಡಿದಾಗ ಇಡಿಟಿಎ (ಲೋಹಗಳನ್ನು ಹಿಡಿದಿಡುವ ರಾಸಾಯನಿಕ) ಟೈಟ್ರೇಷನ್‌ನಿಂದ ಗಡಸುತನ ನೋಡಿಬಿಡುವುದು ಕೆಲವೇ ನಿಮಿಷದ ಕೆಲಸ.

ತಯಾರಾದ ನೀರಿಗೆ ರಾತ್ರಿಯಿಡೀ ಗಾಳಿ ಹಾಯಿಸಿ, ಆಮೇಲೆ ಗಾಳಿ ನಿಲ್ಲಿಸಿ ಬಳಸುವ ತನಕ ಸುಮ್ಮನೆ ಬಿಡಿ. ಪರೀಕ್ಷೆ ನಡೆಯುವಾಗ ಗಾಳಿ ಹಾಯಿಸುವಂತಿಲ್ಲ.

ನಲ್ಲಿ ನೀರು ಬಳಸುವವರು ಕ್ಲೋರಿನ್ ಬಗ್ಗೆ ಎಚ್ಚರವಾಗಿರುತ್ತಾರೆ, ತಾಮ್ರವನ್ನು ಮರೆಯುತ್ತಾರೆ. ಡಾಫ್ನಿಯಾಗೆ ತಾಮ್ರ ಮೈಕ್ರೋಗ್ರಾಂ ಲೆಕ್ಕದಲ್ಲೇ ವಿಷ. ತಾಮ್ರದ ಕೊಳವೆ, ಹಿತ್ತಾಳೆಯ ನಲ್ಲಿ, ಲೋಹದ ಭಟ್ಟಿಯಿಂದ ಇಳಿಸಿದ ನೀರು – ಕಂಟ್ರೋಲ್ (ರಾಸಾಯನಿಕ ಹಾಕದೆ ಹೋಲಿಕೆಗೆ ಇಟ್ಟ) ಬೀಕರಿನ ಮರಿಗಳು ಕಾರಣವಿಲ್ಲದೆ ಸಾಯುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಇವುಗಳನ್ನು. ಇನ್ನೊಂದು ಮಾತು: ಸಾಕಣೆಗೆ ಬಳಸುವ ಎಂ4, ಎಂ7 ಮಾಧ್ಯಮಗಳಲ್ಲಿ ಇಡಿಟಿಎ ಇರುತ್ತದೆ. ಅದು ಲೋಹವನ್ನು ಹಿಡಿದಿಟ್ಟುಕೊಂಡು ವಿಷತ್ವವನ್ನು ಕಡಿಮೆ ತೋರಿಸುತ್ತದೆ. ಲೋಹವಿರುವ ವಸ್ತುವಿನ ಪರೀಕ್ಷೆಗೆ ಅವು ಬೇಡ, ಮೇಲಿನ ಐಎಸ್ಒ ನೀರೇ ಇರಲಿ.

ತಾಯಿ ಡಾಫ್ನಿಯಾಗಳು

ಒಳ್ಳೆಯ ಸಾಕಣೆಯಲ್ಲಿ ಎಲ್ಲವೂ ಹೆಣ್ಣುಗಳು, ಗಂಡಿನ ನೆರವಿಲ್ಲದೆ ತಮ್ಮಂಥವೇ ಮರಿಗಳನ್ನು ಹಾಕುತ್ತಿರುತ್ತವೆ. ಮರಿಮರಿಗೂ ವ್ಯತ್ಯಾಸ ಕಡಿಮೆ ಇರುವುದು ಇದರಿಂದಲೇ. ಈ ಜೀವಿಯನ್ನು ಆರಿಸಿಕೊಂಡಿರುವುದಕ್ಕೆ ಅದೂ ಒಂದು ಕಾರಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 16 ಗಂಟೆ ಬೆಳಕು, 8 ಗಂಟೆ ಕತ್ತಲೆ, ಒಂದೊಂದು ತಾಯಿಗೆ 50ರಿಂದ 100 ಮಿ.ಲೀ. ನೀರು. ಆಹಾರಕ್ಕೆ ಕ್ಲೋರೆಲ್ಲಾದಂಥ ಹಸಿರು ಪಾಚಿ, ಒಂದು ಡಾಫ್ನಿಯಾಗೆ ದಿನಕ್ಕೆ 0.1ರಿಂದ 0.2 ಮಿ.ಗ್ರಾಂ. ಇಂಗಾಲದಷ್ಟು. ತಳದಲ್ಲಿ ಪಾಚಿಯ ಹಸಿರು ಪದರ ಕೂತಿದ್ದರೆ ಆಹಾರ ಹೆಚ್ಚಾಗಿದೆ ಎಂದು ತಿಳಿಯಿರಿ. ಅದು ಕೊಳೆತು ಆಮ್ಲಜನಕ ತಿನ್ನುತ್ತದೆ. ಹೊಟ್ಟೆಗೆ ಸಾಲದ ತಾಯಿ ಕಡಿಮೆ ಮರಿ ಹಾಕುತ್ತದೆ.

ಎಫಿಪಿಯಂ, ಅಂದರೆ ಬೆನ್ನ ಮೇಲೆ ಜೀನಿನ ಆಕಾರದ ಕಪ್ಪು ಮೊಟ್ಟೆಚೀಲ ಕಂಡರೆ ಸಾಕಣೆ ಕಷ್ಟದಲ್ಲಿದೆ ಎಂದೇ ಅರ್ಥ. ಗಂಡುಗಳು ಕಾಣಿಸಿಕೊಳ್ಳುವುದು, ಮೊದಲ ಮರಿ ತಡವಾಗುವುದು, ಬಣ್ಣ ಮಾಸಿದ ತಾಯಿಗಳು, ದೊಡ್ಡವು ಸಾಯುವುದು ಎಲ್ಲವೂ ಅದೇ ಸೂಚನೆ. ಇಂಥ ಸಾಕಣೆಯ ಮರಿಗಳನ್ನು ಪರೀಕ್ಷೆಗೆ ಇಳಿಸಬೇಡಿ. ಕಾರಣ ಹುಡುಕಿ, ಹೊಸ ಸಾಕಣೆ ಎಬ್ಬಿಸಿ.

ತಾಯಿ ಸುಮಾರು 8ರಿಂದ 10 ದಿನಕ್ಕೆ ಮೊದಲ ಮರಿ ಹಾಕುತ್ತದೆ, ಆಮೇಲೆ ಹೆಚ್ಚುಕಡಿಮೆ ಮೂರು ದಿನಕ್ಕೊಮ್ಮೆ. ಮೊದಲ ಸೂಲಿನ ಮರಿಗಳನ್ನು ಬಿಡಿ. ಎರಡರಿಂದ ನಾಲ್ಕು ವಾರದ ತಾಯಿಗಳಿಂದ ಬಂದವೇ ಚೆನ್ನ. ಪರೀಕ್ಷೆಯ ನೀರು ಸಾಕಣೆಯ ನೀರಿಗಿಂತ ಬೇರೆಯಾಗಿದ್ದರೆ ತಾಯಿಗಳನ್ನು ಕನಿಷ್ಠ 48 ಗಂಟೆ ಮೊದಲೇ ಆ ನೀರಿಗೆ ಒಗ್ಗಿಸಿ.

ಮರಿಗಳ ವಯಸ್ಸು ಖಚಿತವಾಗಬೇಕಾದರೆ ಹಿಂದಿನ ದಿನ ಸಂಜೆ ಇರುವ ಮರಿಗಳನ್ನೆಲ್ಲ ತೆಗೆದುಬಿಡಬೇಕು. ಸುಮಾರು 1 ಮಿ.ಮೀ. ಕಣ್ಣಿನ ಜರಡಿಯನ್ನು ನೀರಿನಲ್ಲೇ ಮುಳುಗಿಸಿಟ್ಟು ಸೋಸಿ. ತಾಯಿಗಳು ಗಾಳಿಗೆ ಬರಬಾರದು. ಬೆಳಿಗ್ಗೆ ಸಿಗುವ ಮರಿಗಳೆಲ್ಲ 24 ಗಂಟೆಯೊಳಗಿನವು. ಐದು ಸಾಂದ್ರತೆ ಮತ್ತು ಒಂದು ಕಂಟ್ರೋಲ್, ಪ್ರತಿಯೊಂದಕ್ಕೆ 20ರಂತೆ 120 ಮರಿ ಬೇಕು. ದ್ರಾವಕ ಮಾತ್ರ ಹಾಕಿದ ಇನ್ನೊಂದು ಕಂಟ್ರೋಲ್ ಇದ್ದರೆ 140. ತೇಲುವವು, ಕುಂಟುವವು ಕಳೆದುಹೋಗುವುದರಿಂದ 170ರಷ್ಟಾದರೂ ಕೈಯಲ್ಲಿರಲಿ.

ಪೊಟ್ಯಾಸಿಯಂ ಡೈಕ್ರೋಮೇಟ್‌ನಿಂದ ಸಾಕಣೆಯ ತಪಾಸಣೆ

ಹೊಸ ರಾಸಾಯನಿಕ ಮುಟ್ಟುವ ಮೊದಲು ಸಾಕಣೆ ನಂಬಿಕೆಗೆ ಅರ್ಹವೇ ಎಂದು ನೋಡಬೇಕು. ಪೊಟ್ಯಾಸಿಯಂ ಡೈಕ್ರೋಮೇಟಿನ 24 ಗಂಟೆಯ ಇಸಿ-50 ಲೀಟರಿಗೆ 0.6ರಿಂದ 2.1 ಮಿ.ಗ್ರಾಂ. ಒಳಗೆ ಬರಬೇಕು. ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು, ವರ್ಷಕ್ಕೆ ಎರಡು ಸಲವಂತೂ ಬಿಡಬಾರದು. 100 ಮಿ.ಗ್ರಾಂ. ತೂಗಿ ಒಂದು ಲೀಟರ್ ಪರೀಕ್ಷಾ ನೀರಿನಲ್ಲಿ ಕರಗಿಸಿ. ಅದರಿಂದ 1.6, 2.8, 5, 9, 16 ಮಿ.ಲೀ. ತೆಗೆದು, ಪ್ರತಿಯೊಂದನ್ನೂ 500 ಮಿ.ಲೀ.ಗೆ ತುಂಬಿಸಿದರೆ 0.32, 0.56, 1.0, 1.8, 3.2 ಮಿ.ಗ್ರಾಂ. ಸಾಂದ್ರತೆಗಳು ಸಿದ್ಧ. ಇದು ಕ್ಯಾನ್ಸರ್‌ಕಾರಕ ಕ್ರೋಮಿಯಂ. ಕೈಗವಸು ಹಾಕಿಕೊಂಡೇ ತೂಗಿ, ಪುಡಿ ಗಾಳಿಗೆ ಏಳದಂತೆ ನೋಡಿಕೊಳ್ಳಿ.

ಬಂದ ಅಂಕಿಗಳನ್ನು ಒಂದರ ಪಕ್ಕ ಒಂದು ಗ್ರಾಫಿನಲ್ಲಿ ಗುರುತಿಸುತ್ತ ಹೋಗಿ. ಮಿತಿಯೊಳಗೇ ಇದ್ದರೂ ಸಲಸಲಕ್ಕೂ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ನೀರಿನಲ್ಲೋ ಆಹಾರದಲ್ಲೋ ಏನೋ ಬದಲಾಗಿದೆ.

ಸಾಂದ್ರತೆ ಆರಿಸುವುದು

ಮೊದಲು ಒಂದು ಒರಟು ಸುತ್ತು: ಲೀಟರಿಗೆ 100, 10, 1, 0.1, 0.01 ಮಿ.ಗ್ರಾಂ., ಒಂದೊಂದರಲ್ಲಿ ಐದು ಮರಿ. ಯಾವ ಎರಡರ ನಡುವೆ ಪರಿಣಾಮ ಸೊನ್ನೆಯಿಂದ ಪೂರ್ತಿಗೆ ಏರುತ್ತದೋ ಅಲ್ಲಿ ನಿಜವಾದ ಪರೀಕ್ಷೆ. ಅದಕ್ಕೆ ಕನಿಷ್ಠ ಐದು ಸಾಂದ್ರತೆ, ಒಂದಕ್ಕಿಂತ ಮುಂದಿನದು 2.2 ಪಟ್ಟಿಗಿಂತ ಹೆಚ್ಚಿರದಂತೆ. ಉದಾಹರಣೆಗೆ 6.25, 12.5, 25, 50, 100. ನೂರು ಮಿ.ಗ್ರಾಂ.ನಲ್ಲೂ ಏನೂ ಆಗದ ವಸ್ತುವಿಗೆ ಆ ಒಂದೇ ಸಾಂದ್ರತೆಯಲ್ಲಿ 20 ಮರಿ, ಕಂಟ್ರೋಲಿನಲ್ಲಿ 20 ಮರಿ ಇಟ್ಟು ಮಿತಿ ಪರೀಕ್ಷೆ ಮಾಡಿದರೆ ಸಾಕು.

ನೀರಿನಲ್ಲಿ ಸುಲಭವಾಗಿ ಕರಗದ ವಸ್ತುವಿಗೆ ಅಸಿಟೋನ್ ಅಥವಾ ಡೈಮೀಥೈಲ್ ಫಾರ್ಮಮೈಡ್ ಬಳಸುವ ರೂಢಿ ಇದೆ. ನಮ್ಮ ಅಭಿಪ್ರಾಯದಲ್ಲಿ ದ್ರಾವಕ ಕೊನೆಯ ದಾರಿ. ಬಹಳ ಹೊತ್ತು ಕಲಕಿ, ಕರಗದೆ ಉಳಿದದ್ದನ್ನು ಬೇರ್ಪಡಿಸಿ ನೋಡುವುದು ಮೊದಲು. ಬಳಸಲೇಬೇಕಾದರೆ ಲೀಟರಿಗೆ 0.1 ಮಿ.ಲೀ. ದಾಟಬೇಡಿ, ಎಲ್ಲ ಸಾಂದ್ರತೆಗಳಲ್ಲೂ ಒಂದೇ ಪ್ರಮಾಣ ಇರಲಿ, ದ್ರಾವಕ ಮಾತ್ರ ಇರುವ ಕಂಟ್ರೋಲ್ ಬೇರೆ ಇಡಿ. ಅಸಿಟೋನ್ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಆಮ್ಲಜನಕ ಇಳಿಸಬಲ್ಲದು ಎಂಬುದೂ ನೆನಪಿರಲಿ.

48 ಗಂಟೆಗಳು

ಗಾಜಿನ ಬೀಕರುಗಳನ್ನು ಸೋಪಿನಲ್ಲಿ, ನಂತರ ದುರ್ಬಲ ಆಮ್ಲದಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಹಲವು ಸಲ ಜಾಲಾಡಿಸಿ. ಒಂದು ಸಾಂದ್ರತೆಗೆ ನಾಲ್ಕು ಬೀಕರ್, ಬೀಕರಿಗೆ ಐದು ಮರಿ. ಮರಿಗೆ 2 ಮಿ.ಲೀ.ಗಿಂತ ಕಡಿಮೆ ದ್ರಾವಣ ಇರಬಾರದು ಎಂಬುದು ನಿಯಮ. ಬೀಕರಿಗೆ 50 ಮಿ.ಲೀ. ಹಾಕಿದರೆ ಆಮ್ಲಜನಕದ ಚಿಂತೆ ಇರುವುದಿಲ್ಲ, ಪಿಎಚ್ ಅಳೆಯಲೂ ಸಾಕಾಗುತ್ತದೆ.

ಮರಿಗಳನ್ನು ಅಗಲ ಬಾಯಿಯ ಗಾಜಿನ ಪಿಪೆಟ್ಟಿನಿಂದ ಎತ್ತಿ. ಬಿಡುವಾಗ ಪಿಪೆಟ್ಟಿನ ತುದಿ ನೀರಿನ ಮೇಲ್ಮೈಯ ಕೆಳಗೇ ಇರಬೇಕು. ಮೇಲಿಂದ ಹನಿಸಿದರೆ ಚಿಪ್ಪಿನೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡು ಮರಿ ತೇಲುತ್ತದೆ, ಮತ್ತೆ ಕೆಳಗಿಳಿಯಲಾರದೆ ನಿಶ್ಚಲ ಎಂಬ ಲೆಕ್ಕಕ್ಕೆ ಸೇರಿಬಿಡುತ್ತದೆ. ಮರಿಯ ಜೊತೆ ಹೋಗುವ ನೀರು ಆದಷ್ಟು ಕಡಿಮೆ ಇರಲಿ. ಕಂಟ್ರೋಲಿನಿಂದ ಶುರುಮಾಡಿ ಹೆಚ್ಚು ಸಾಂದ್ರತೆಯ ಕಡೆಗೆ ಹೋಗಿ. ಎಲ್ಲ ಬೀಕರಿಗೂ ಗಾಜಿನ ಮುಚ್ಚಳ ಹಾಕಿ, ಸಾಲಾಗಿ ಇಡದೆ ಅಡ್ಡಾದಿಡ್ಡಿಯಾಗಿ ಜೋಡಿಸಿ. ಉಷ್ಣತೆ 18ರಿಂದ 22 ಡಿಗ್ರಿಯೊಳಗೆ, ಏರಿಳಿತ ಒಂದು ಡಿಗ್ರಿ ದಾಟದಂತೆ. ಬೆಳಕಿಗೆ ಒಡೆಯುವ ವಸ್ತುವಾದರೆ ಪೂರ್ತಿ ಕತ್ತಲೆ ಆಗಬಹುದು. ಆಹಾರ ಕೊಡಬೇಡಿ.

24 ಮತ್ತು 48 ಗಂಟೆಗೆ ಎಣಿಕೆ. ಬೀಕರನ್ನು ಮೆಲ್ಲಗೆ ಅಲ್ಲಾಡಿಸಿ 15 ಸೆಕೆಂಡು ನೋಡಿ. ಅಷ್ಟರಲ್ಲಿ ಈಜದ ಮರಿ ನಿಶ್ಚಲ; ಮೀಸೆ ಆಡಿಸುತ್ತಿದ್ದರೂ ನಿಶ್ಚಲವೇ. ಇಲ್ಲಿ ಮನಸ್ಸು ಕರಗಿ ‘ಇನ್ನೂ ಜೀವವಿದೆ’ ಎಂದು ಬಿಟ್ಟರೆ ಇಸಿ-50 ಸುಳ್ಳಾಗುತ್ತದೆ. ಯಾವ ಬೀಕರಿನಲ್ಲಿ ಏನಿದೆ ಎಂದು ಗೊತ್ತಿಲ್ಲದವರು ಎಣಿಸುವುದು ಎಲ್ಲಕ್ಕಿಂತ ಒಳ್ಳೆಯದು. ಸುತ್ತುತ್ತ ಈಜುವುದು, ತಳಕ್ಕೆ ಅಂಟಿರುವುದು, ಮೇಲಿನ ಎಣ್ಣೆಪೊರೆಯಲ್ಲಿ ಸಿಕ್ಕಿಕೊಂಡಿರುವುದು ಇವನ್ನೂ ಪ್ರತ್ಯೇಕವಾಗಿ ಬರೆದಿಡಿ. ಪೊರೆಯಲ್ಲಿ ಸಿಕ್ಕಿ ಸತ್ತ ಮರಿ ಹೇಳುವುದು ವಿಷದ ಕಥೆಯಲ್ಲ, ಕರಗದ ವಸ್ತುವಿನ ಕಥೆ.

ಶುರುವಿನಲ್ಲೂ ಕೊನೆಯಲ್ಲೂ ಕಂಟ್ರೋಲ್ ಮತ್ತು ಅತಿ ಹೆಚ್ಚು ಸಾಂದ್ರತೆಯ ಪಿಎಚ್, ಕರಗಿದ ಆಮ್ಲಜನಕ ಅಳೆಯಿರಿ. ರಾಸಾಯನಿಕವೇ ಪಿಎಚ್ ಬದಲಿಸಿದರೆ ಪರೀಕ್ಷೆಯ ನಡುವೆ ಸರಿಪಡಿಸಬೇಡಿ. ಸ್ಟಾಕ್ ದ್ರಾವಣದ ಪಿಎಚ್ ತಿದ್ದಿ ಇನ್ನೊಂದು ಪರೀಕ್ಷೆ ಮಾಡಿದರೆ ಕೊಂದದ್ದು ಆಮ್ಲತೆಯೋ ವಸ್ತುವೋ ಎಂಬುದು ಬೇರ್ಪಡುತ್ತದೆ.

ತೂಗಿದ್ದಷ್ಟೇ ನೀರಿನಲ್ಲಿ ಉಳಿದಿದೆಯೇ?

ಆವಿಯಾಗುವ, ಗಾಜಿಗೆ ಅಂಟುವ, ನೀರಿನಲ್ಲಿ ಒಡೆಯುವ ವಸ್ತುಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಕನಿಷ್ಠ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಾಂದ್ರತೆಗಳನ್ನು ಶುರುವಿನಲ್ಲಿ, ಕೊನೆಯಲ್ಲಿ ವಿಶ್ಲೇಷಿಸಿ. ಶೇ. 20ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅಳೆದ ಸಾಂದ್ರತೆಯ ಮೇಲೇ ಫಲಿತಾಂಶ ಹೇಳಬೇಕು. 10 ಮಿ.ಗ್ರಾಂ. ಎಂದು ತೂಗಿದ್ದು ಶುರುವಿನಲ್ಲಿ 8, ಕೊನೆಗೆ 2 ಇದ್ದರೆ ಎರಡರ ಗುಣೋತ್ತರ ಸರಾಸರಿ (ಗುಣಲಬ್ಧದ ವರ್ಗಮೂಲ) 4. ಹತ್ತನ್ನೇ ವರದಿ ಮಾಡಿದರೆ ವಸ್ತು ಇರುವುದಕ್ಕಿಂತ ಎರಡೂವರೆ ಪಟ್ಟು ಸಾಧುವಾಗಿ ಕಾಣುತ್ತದೆ. ಆವಿಯಾಗುವ ವಸ್ತುವಿಗೆ ಬಾಯಿತನಕ ತುಂಬಿಸಿ ಬಿಗಿಯಾಗಿ ಮುಚ್ಚಿದ ಬಾಟಲಿ ಬಳಸಿ. ಬೇಗ ಒಡೆಯುವುದಕ್ಕೆ 24 ಗಂಟೆಗೆ ದ್ರಾವಣ ಬದಲಿಸಿ.

ಲೆಕ್ಕ

ಮೊದಲು ಪರೀಕ್ಷೆ ಒಪ್ಪತಕ್ಕದ್ದೇ ನೋಡಿ. ಕಂಟ್ರೋಲಿನಲ್ಲಿ ನಿಶ್ಚಲವಾದವು ಶೇ. 10 ದಾಟಿರಬಾರದು, ಅಂದರೆ 20ರಲ್ಲಿ ಎರಡು. ಕೊನೆಯಲ್ಲಿ ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂ.ಗಿಂತ ಕಡಿಮೆ ಇರಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಗಣಿತದಿಂದ ಉಳಿಸಲು ಹೋಗಬೇಡಿ, ಮತ್ತೆ ಮಾಡಿ.

ಇಸಿ-50ಕ್ಕೆ ಪ್ರೊಬಿಟ್ ಅಥವಾ ಲಾಜಿಟ್ ಎಂಬ ಸಂಖ್ಯಾಶಾಸ್ತ್ರದ ವಿಧಾನವಿದೆ, ಆದರೆ ಅವಕ್ಕೆ ಕನಿಷ್ಠ ಎರಡು ಸಾಂದ್ರತೆಗಳಲ್ಲಿ 0 ಮತ್ತು 100ರ ನಡುವಿನ ಶೇಕಡಾವಾರು ಬೇಕು. ಬಂದ ಉತ್ತರ ಸರಿಯಿದೆಯೇ ಎಂದು ಕೈಲೆಕ್ಕದಲ್ಲಿ ತಾಳೆ ನೋಡಬಹುದು. ಲೀಟರಿಗೆ 1.0 ಮಿ.ಗ್ರಾಂ.ನಲ್ಲಿ 20ಕ್ಕೆ 6, 1.8ರಲ್ಲಿ 20ಕ್ಕೆ 16 ಎಂದಿಟ್ಟುಕೊಳ್ಳಿ. ಶೇ. 30ರಿಂದ 80ಕ್ಕೆ ಏರುವ ಹಾದಿಯಲ್ಲಿ 50 ಸಿಗುವುದು ಐದರಲ್ಲಿ ಎರಡು ಪಾಲು ದಾಟಿದಾಗ. 1.8ರ ಲಾಗರಿದಂ 0.255, ಅದರ 0.4 ಪಾಲು 0.102; ಇಸಿ-50 ಸುಮಾರು 1.26 ಮಿ.ಗ್ರಾಂ. ಒಂದು ಸಾಂದ್ರತೆಯಲ್ಲಿ ಯಾವ ಮರಿಯೂ ನಿಶ್ಚಲವಾಗದೆ, ಅದರ ಮುಂದಿನದರಲ್ಲಿ ಎಲ್ಲವೂ ನಿಶ್ಚಲವಾಗಿದ್ದರೆ ಆ ಎರಡರ ಗುಣೋತ್ತರ ಸರಾಸರಿಯೇ ಉತ್ತರ, ಅವೆರಡೇ ಅದರ ಮಿತಿಗಳು. ಜಾಗತಿಕ ವರ್ಗೀಕರಣದ ಜಿಎಚ್ಎಸ್ ಪದ್ಧತಿಯಲ್ಲಿ 48 ಗಂಟೆಯ ಇಸಿ-50 ಲೀಟರಿಗೆ 1 ಮಿ.ಗ್ರಾಂ. ತನಕ ತೀವ್ರ 1, 10ರ ತನಕ ತೀವ್ರ 2, 100ರ ತನಕ ತೀವ್ರ 3. ಈ ಗಡಿಗಳ ಹತ್ತಿರ ಬಿದ್ದ ಅಂಕಿಗೆ ವಿಶ್ವಾಸಾರ್ಹತೆಯ ಮಿತಿಗಳನ್ನು ಜೊತೆಗೇ ಬರೆಯಿರಿ.

ಹೆಚ್ಚು ಸಾಂದ್ರತೆಯಲ್ಲಿ ಕಡಿಮೆ ಪರಿಣಾಮ ಕಂಡರೆ ಬೀಕರಿನ ತಳ ನೋಡಿ. ವಸ್ತು ಕರಗದೆ ಕೂತಿರಬಹುದು. ತಳ ತಿಳಿಯಾಗಿದ್ದರೆ ದುರ್ಬಲಗೊಳಿಸುವಾಗ ಸಾಲು ಅದಲುಬದಲಾಗಿದೆಯೇ ಎಂದು ಆ ಬೀಕರುಗಳ ವಿಶ್ಲೇಷಣೆಯಿಂದ ತಿಳಿಯುತ್ತದೆ. ಕಂಟ್ರೋಲಿನ ಮರಿಗಳು 24 ಗಂಟೆಯೊಳಗೇ ಸತ್ತರೆ ಅನುಮಾನ ನೀರಿನ ಮೇಲೆ, ಗಾಜಿನ ಮೇಲೆ. 24ಕ್ಕೆ ಚೆನ್ನಾಗಿದ್ದು 48ಕ್ಕೆ ಬಿದ್ದರೆ ಮರಿಗಳೇ ಬಲಹೀನವಾಗಿದ್ದಿರಬಹುದು. ತಾಯಿಗಳ ಆಹಾರ ನೋಡಿ. ಬಳಸಿದ ಡೈಕ್ರೋಮೇಟ್ ದ್ರಾವಣ, ಬೀಕರ್ ಮೊದಲ ಸಲ ತೊಳೆದ ನೀರು ಸಹಿತ, ಅಪಾಯಕಾರಿ ತ್ಯಾಜ್ಯದ ಡಬ್ಬಿಗೇ ಹೋಗಬೇಕು, ಸಿಂಕಿಗಲ್ಲ.