ಡಿಫರೆನ್ಷಿಯಲ್ ಸೀಲ್ ಸವೆತ: ಗುರುತಿಸುವ ಮತ್ತು ತಡೆಯುವ ಬಗೆ

ಹಿಂಬದಿ ಚಕ್ರಗಳಿಗೆ ಶಕ್ತಿ ಹರಿಯುವ ಕಾರುಗಳಲ್ಲಿ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಒಳಗಿನ ಎಣ್ಣೆ ಸೋರದಂತೆ ತಡೆಯುವ ಸೀಲ್ ಸವೆಯತೊಡಗಿದಾಗ, ನೆಲದ ಮೇಲೆ ಹನಿ ಬೀಳುವುದಕ್ಕೆ ಮೊದಲೇ ಪಿನಿಯನ್ ಫ್ಲ್ಯಾಂಜಿನ (ಎಂಜಿನ್ ಕಡೆಯಿಂದ ಬರುವ ತಿರುಗುವ ದಂಡ ಡಿಫರೆನ್ಷಿಯಲ್ಲಿಗೆ ಸೇರುವ ಭಾಗ) ಸುತ್ತ ಧೂಳು ಮೆತ್ತಿದ ಒದ್ದೆ ಜಿಡ್ಡು ಕಾಣಿಸಿಕೊಳ್ಳುತ್ತದೆ. ತಿರುಗುವ ಭಾಗಗಳು ಎಣ್ಣೆಯನ್ನು ಎರಚುವುದರಿಂದ ಅದರ ನೇರಕ್ಕೆ ಕಾರಿನ ತಳದಲ್ಲಿಯೂ ಕಪ್ಪು ಪಟ್ಟಿಯೊಂದು ಮೂಡಿರುತ್ತದೆ. ಗಂಧಕದಂತಹ ಘಾಟು ಬಂದರೆ ಅದು ಬಹುತೇಕ ಗೇರ್ ಆಯಿಲ್ಲೇ. ಚಕ್ರದ ಒಳಬದಿಯಲ್ಲಿ ಎಣ್ಣೆ ಕಂಡರಂತೂ ದಯವಿಟ್ಟು ತಡಮಾಡಬೇಡಿ, ಏಕೆಂದರೆ ಚಕ್ರದ ದಂಡದ ಬಳಿಯಿರುವ ಆಕ್ಸಲ್ ಸೀಲಿನಿಂದ ಸೋರಿದ ಎಣ್ಣೆ ಬ್ರೇಕ್ ಲೈನಿಂಗಿಗೆ ತಗುಲಿದರೆ ಬ್ರೇಕಿನ ಹಿಡಿತವೇ ಕೈಕೊಡುತ್ತದೆ.

ಸೀಲ್ ಬದಲಿಸುವ ಮುನ್ನ ಬ್ರೀದರನ್ನು, ಅಂದರೆ ಡಿಫರೆನ್ಷಿಯಲ್ ಒಳಗಿನ ಗಾಳಿ ಹೊರಹೋಗುವ ಕಿಂಡಿಯನ್ನು, ಪರೀಕ್ಷಿಸಲೇಬೇಕು. ಅದು ಕೆಸರಿನಿಂದ ಕಟ್ಟಿಕೊಂಡಿದ್ದರೆ ಬಿಸಿಯಾಗಿ ಹಿಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಒಳಗಿನ ಒತ್ತಡ ಹೆಚ್ಚಿ, ಹೊಸ ಸೀಲಿನ ಅಂಚನ್ನೂ ದಾಟಿ ಎಣ್ಣೆ ಹೊರಬರುತ್ತದೆ. ಸೀಲ್ ಉಜ್ಜುವ ಜಾಗದಲ್ಲಿ ಉಗುರು ಆಡಿಸಿದಾಗ ಗೀರು ತಡೆದರೆ ಆ ಭಾಗವನ್ನೂ ಸರಿಪಡಿಸಬೇಕು. ಬೇರಿಂಗ್ ಸಡಿಲವಾಗಿದ್ದರೆ ಯಾವ ಸೀಲೂ ಬಾಳದು. ಜೋಡಿಸುವಾಗ ಸೀಲಿನ ಅಂಚಿಗೆ ಗೇರ್ ಆಯಿಲ್ ಸವರಿ. ಪಿನಿಯನ್ ನಟ್ಟನ್ನು ಅಂದಾಜಿನಿಂದ ಬಿಗಿದರೆ ಬೇರಿಂಗ್ ಹಾಳಾಗುವುದರಿಂದ ಕೈಪಿಡಿಯ ಕ್ರಮವನ್ನೇ ಅನುಸರಿಸಿ. ಎಣ್ಣೆಯನ್ನೂ ಸೂಚಿಸಿದ ಮಟ್ಟಕ್ಕಷ್ಟೇ ತುಂಬಿಸಿ, ಹೆಚ್ಚಾದರೂ ಸೋರುತ್ತದೆ.